ಗಿಣಿ, ಇಗ್ವಾನಾನ ಮನೇಲೇ ಬಿಟ್ಟು ಆರು ದಿನ ಊರಿಗೆ ಹೋಗಿದ್ವಿ: ಪೆಟ್ ಸಿಟ್ಟಿಂಗ್ ಹೇಗಿತ್ತು ಅಂದ್ರೆ

ನಮ್ಮನೇಲಿ ಎರಡು ಜೀವ ಇದಾವೆ. ಒಂದು ಆಫ್ರಿಕನ್ ಗ್ರೇ ಗಿಣಿ, ಚಿನ್ನು ಅಂತ, ಬಂದು ಏಳು ವರ್ಷ ಆಯ್ತು. ಇನ್ನೊಂದು ಹಸಿರು ಇಗ್ವಾನಾ, ಅಂದ್ರೆ ದೊಡ್ಡ ಹಲ್ಲಿ ಜಾತಿ ಪ್ರಾಣಿ, ಹೆಸರು ರಾಜ, ನಾಲ್ಕು ವರ್ಷದವನು, ಬಾಲ ಸೇರಿ ನಾಲ್ಕೂವರೆ ಅಡಿ ಇದಾನೆ. ಹೋದ ದೀಪಾವಳಿಗೆ ತೀರ್ಥಹಳ್ಳಿ ಕಡೆ ಮಾವನ ಮನೆಗೆ ಹೋಗ್ಲೇಬೇಕಿತ್ತು, ಆರು ದಿನ. ಇವೆರಡನ್ನ ಯಾರ ಹತ್ರ ಬಿಡೋದು ಅಂತ ಒಂದು ತಿಂಗಳು ತಲೆ ಕೆಡಿಸ್ಕೊಂಡಿದ್ವಿ, ಕೊನೆಗೆ ಮನೆಗೇ ಬಂದು ನೋಡ್ಕೊಳ್ಳೋರು ಒಬ್ರು ಸಿಕ್ಕಿದ್ರು. ಅವರ ಕೆಲಸದ ಬಗ್ಗೆನೇ ಈ ರಿವ್ಯೂ. ಹೆಸರು ನಂಬರ್ ಹಾಕ್ತಿಲ್ಲ, ಅವರು ಒಬ್ರೇ ಕೆಲಸ ಮಾಡೋದು, ಒಂದು ಸಲಕ್ಕೆ ಎರಡು ಮನೆಗಿಂತ ಜಾಸ್ತಿ ತಗೊಳ್ಳಲ್ಲ, ಹಾಕ್ಬೇಡಿ ಸರ್ ಅಂತ ಅವರೇ ಕೇಳ್ಕೊಂಡ್ರು. ಆದ್ರೆ ಇಂಥವರನ್ನ ಹುಡುಕ್ತಿರೋರಿಗೆ ಕೆಲಸ ಹೇಗಿರ್ಬೇಕು ಅಂತ ಗೊತ್ತಾಗ್ಲಿ ಅಂತ ಪೂರ್ತಿ ಬರೀತಿದೀನಿ, ಉದ್ದ ಆಗತ್ತೆ.

ಮೊದಲು ಹಿಂದೆ ಆಗಿದ್ದು ಹೇಳ್ಬಿಡ್ತೀನಿ. ಮೂರು ವರ್ಷದ ಹಿಂದೆ ಒಂದು ಪೆಟ್ ಅಂಗಡಿಯೋರು ಬೋರ್ಡಿಂಗ್ ಇದೆ ಅಂದ್ರು ಅಂತ ಚಿನ್ನುನ ಐದು ದಿನ ಅಲ್ಲಿ ಬಿಟ್ಟಿದ್ವಿ. ವಾಪಸ್ ತಂದು ತಕ್ಕಡಿ ಮೇಲೆ ಕೂರಿಸಿದ್ರೆ 402 ಗ್ರಾಂ, ಹೋಗುವಾಗ 455 ಇದ್ಲು. ಹಕ್ಕಿಗಳಲ್ಲಿ ಹತ್ತರಲ್ಲಿ ಒಂದು ಪಾಲು ತೂಕ ಇಳಿದ್ರೇನೇ ಡಾಕ್ಟರ್ ಹತ್ರ ಓಡ್ಬೇಕು ಅಂತಾರೆ, ಇದು ಅದಕ್ಕಿಂತ ಜಾಸ್ತಿ. ಎದೆ ಮೇಲಿನ ಪುಕ್ಕ ಬೇರೆ ಕಿತ್ಕೊಂಡಿದ್ಲು, ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೋಳು. ಅಂಗಡಿ ತುಂಬ ಲವ್ ಬರ್ಡ್ಸ್, ಬಜ್ಜಿಗರ್ಸ್, ರಾತ್ರಿ ಹನ್ನೊಂದರ ತನಕ ಲೈಟು, ಗ್ರೇಗೆ ಹತ್ತು ಹನ್ನೆರಡು ಗಂಟೆ ಕತ್ತಲು ನಿದ್ದೆ ಬೇಕು, ಅಲ್ಲಿ ಎಲ್ಲಿಂದ ಬರ್ಬೇಕು. ಪುಕ್ಕ ಪೂರ್ತಿ ಬರೋಕೆ ಎಂಟು ತಿಂಗಳು ಹಿಡೀತು. ಆಮೇಲೆ ಒಂದ್ಸಲ ಆಪ್‌ನಲ್ಲಿ ಬುಕ್ ಮಾಡಿ ಮನೆಗೇ ಒಬ್ಬ ಹುಡುಗನ್ನ ಕರೆಸಿದ್ವಿ, ನಾಯಿ ನೋಡ್ಕೊಳ್ಳೋದ್ರಲ್ಲಿ ಒಳ್ಳೆ ರೇಟಿಂಗ್ ಇದ್ದವನೇ. ಎರಡನೇ ದಿನ ಫೋನ್ ಮಾಡಿ ಇಗ್ವಾನಾಗೆ ವಿಪರೀತ ಶೀತ ಆಗಿದೆ, ಸೀನ್ತಾ ಇದೆ, ಗಾಜಿನ ಮೇಲೆಲ್ಲ ಬೆಳ್ಳಗೆ ಅಂಟಿದೆ ಅಂದ. ಅದು ಶೀತ ಅಲ್ಲ, ಉಪ್ಪು. ಇಗ್ವಾನಾ ಮೈಯಲ್ಲಿ ಜಾಸ್ತಿ ಆದ ಉಪ್ಪನ್ನ ಮೂಗಿಂದ ಸೀನಿ ಹೊರಗೆ ಹಾಕತ್ತೆ, ಒಣಗಿದ್ರೆ ಬಿಳಿ ಪುಡಿ. ನಾನು ಹೇಳೋ ಅಷ್ಟರಲ್ಲಿ ಅವನು ಬೆಚ್ಚಗಿರ್ಲಿ ಅಂತ ರಾಜನ್ನ ಎತ್ತಕ್ಕೆ ಹೋಗಿ ಬಾಲ ಹಿಡಿದಿದ್ದ. ಬಾಲ ಹಿಡಿದ್ರೆ ಅದು ಕಳಚಿಕೊಂಡ್ಬಿಡತ್ತೆ, ಪುಣ್ಯಕ್ಕೆ ಹಾಗಾಗ್ಲಿಲ್ಲ, ಅವನ ಕೈಗೆ ಚಾಟಿ ಏಟು ಬಿದ್ದು ಬಿಟ್ಬಿಟ್ಟ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಗೊತ್ತಿಲ್ಲದ ಪ್ರಾಣಿಗೆ ಅವನನ್ನ ಕಳಿಸಿದ ಆಪ್‌ನೋರ ಮೇಲೆ ಇದೆ.

ಅದಕ್ಕೇ ಈ ಸಲ ಡಾಕ್ಟರ್ ಹತ್ರಾನೇ ಕೇಳಿದ್ವಿ, ಅವರೇ ಈ ಮೇಡಂ ನಂಬರ್ ಕೊಟ್ರು. ಫೋನ್ ಮಾಡಿದ ತಕ್ಷಣ ರೇಟ್ ಹೇಳ್ಲಿಲ್ಲ. ಮೊದಲು ಒಂದ್ಸಲ ಬಂದು ನೋಡ್ತೀನಿ, ಆಮೇಲೆ ಒಪ್ಕೊಳ್ತೀನೋ ಇಲ್ವೋ ಹೇಳ್ತೀನಿ ಅಂದ್ರು. ಬಂದವರು ಸೀದಾ ಪ್ರಾಣಿ ಹತ್ರ ಹೋಗ್ಲಿಲ್ಲ, ಅಡುಗೆ ಮನೆಗೆ ಹೋದ್ರು. ನಾನ್‌ಸ್ಟಿಕ್ ಪಾತ್ರೆ ಇದ್ಯಾ ಅಂತ ಕೇಳಿದ್ರು, ಆ ಕೋಟಿಂಗ್ ಜಾಸ್ತಿ ಕಾದ್ರೆ ಬರೋ ಹೊಗೆ ಹಕ್ಕಿನ ನಿಮಿಷಗಳಲ್ಲಿ ಕೊಲ್ಲತ್ತೆ, ಅದು ನಮಗೂ ಗೊತ್ತಿತ್ತು, ಚಿನ್ನು ಬಂದ ವರ್ಷಾನೇ ತವಾ ಎಲ್ಲ ಕೆಲಸದೋರಿಗೆ ಕೊಟ್ಟು ಕಬ್ಬಿಣದ ಕಾವಲಿ ತಂದಿದ್ವಿ, ಅದನ್ನೇ ಹೇಳಿದೆ. ಅವರು ಕಟ್ಟೆ ಮೇಲಿದ್ದ ಏರ್ ಫ್ರೈಯರ್ ತೆಗೆದು ಬುಟ್ಟಿ ಒಳಗೆ ಬೆರಳು ಸವರಿ, ಸರ್ ಇದೂ ಅದೇ ಕೋಟಿಂಗ್ ಅಲ್ವಾ ಅಂದ್ರು. ಒಂದು ವರ್ಷದಿಂದ ವಾರಕ್ಕೆ ಮೂರು ಸಲ ಬಳಸ್ತಿದ್ವಿ, ಪಂಜರ ಇರೋದು ಹತ್ತು ಅಡಿ ದೂರದಲ್ಲಿ. ನನ್ನ ಹೆಂಡ್ತಿ ಅಲ್ಲೇ ಅತ್ಬಿಟ್ಲು. ಆವತ್ತೇ ಅದು ಮನೆಯಿಂದ ಆಚೆ ಹೋಯ್ತು. ಇದೊಂದಕ್ಕೇ ನಾನು ಅವರಿಗೆ ಕೊಟ್ಟ ದುಡ್ಡೆಲ್ಲ ಸಂದಾಯ ಆಯ್ತು ಅನ್ಕೋತೀನಿ.

ಆಮೇಲೆ ಪ್ರಶ್ನೆ ಶುರು. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಯಾವ್ ರೂಮಲ್ಲಿ ಹಚ್ತೀರಾ. ಚಿನ್ನು ದಿನಾ ಎಷ್ಟು ತಿಂತಾಳೆ ಅಲ್ಲ, ಎಷ್ಟು ಬಿಡ್ತಾಳೆ. ಹಿಕ್ಕೆ ಸಾಮಾನ್ಯವಾಗಿ ಯಾವ ಬಣ್ಣ. ರಾಜನ ಯುವಿಬಿ ಬಲ್ಬ್ (ಬಿಸಿಲಲ್ಲಿರೋ ನೇರಳಾತೀತ ಕಿರಣ ಕೊಡೋದು) ಯಾವಾಗ ಹಾಕಿದ್ದು, ಇದಕ್ಕೆ ನಾನು ಚೆನ್ನಾಗೇ ಉರೀತಿದೆ ಅಂದೆ, ಬೆಳಕು ಚೆನ್ನಾಗೇ ಇರತ್ತೆ ಸರ್, ಆರು ತಿಂಗಳು ವರ್ಷ ಆಗೋ ಹೊತ್ತಿಗೆ ಯುವಿ ಇಳಿದು ಹೋಗಿರತ್ತೆ, ಕಣ್ಣಿಗೆ ಗೊತ್ತಾಗಲ್ಲ ಅಂದ್ರು. ಆ ಬೆಳಕಿಲ್ಲದಿದ್ರೆ ಇಗ್ವಾನಾ ಮೈಯಲ್ಲಿ ವಿಟಮಿನ್ ಡಿ3 ಆಗಲ್ಲ, ತಿಂದ ಕ್ಯಾಲ್ಸಿಯಂ ಮೂಳೆಗೆ ಹೋಗಲ್ಲ, ದವಡೆ ಕಾಲು ಮೆತ್ತಗಾಗ್ತಾ ಬರತ್ತೆ. ನಮ್ಮ ಬಲ್ಬಿಗೆ ಹದಿನಾಲ್ಕು ತಿಂಗಳು ಆಗಿತ್ತು, ಹೊಸದು ಹಾಕಿಸಿದ್ವಿ.

ಪೇಪರ್ಸೂ ಕೇಳಿದ್ರು. ಆಫ್ರಿಕನ್ ಗ್ರೇ 2017ರಿಂದ ಕಾಡುಪ್ರಾಣಿ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಮೊದಲನೇ ಪಟ್ಟಿಯಲ್ಲಿದೆ, ಇಗ್ವಾನಾ ಎರಡನೇದ್ರಲ್ಲಿ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರೂಲ್ಸ್ ಮಾಡಿ ಇಂಥ ಪ್ರಾಣಿ ಇಟ್ಕೊಂಡಿರೋರು ಆರು ತಿಂಗಳೊಳಗೆ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಬೇಕು ಅಂತ ಹೇಳಿತ್ತಲ್ಲ, ಅದರ ಕಾಪಿ ನೋಡಿಯೇ ಅವರು ಕೆಲಸ ಒಪ್ಕೊಳ್ಳೋದು. ನಮ್ಮ ಕಾಡಿನ ಹಸಿರು ಗಿಣಿ, ನಕ್ಷತ್ರ ಆಮೆ ಸಾಕೋದೇ ಅಪರಾಧ, ಅಂಥ ಮನೆಗೆ ಎಷ್ಟು ಕೊಟ್ರೂ ಹೋಗಲ್ವಂತೆ. ಇದು ನನಗೆ ಬಹಳ ಇಷ್ಟ ಆಯ್ತು.

ಆರು ದಿನದ ಕೆಲಸ ಹೀಗಿತ್ತು. ಬೆಳಗ್ಗೆ ಬಂದ ತಕ್ಷಣ, ಊಟ ಹಾಕೋಕೆ ಮುಂಚೆ ಚಿನ್ನು ತೂಕ. ಅಡುಗೆ ಮನೆ ತಕ್ಕಡಿ ಮೇಲೆ ಒಂದು ಕಡ್ಡಿ ಇಟ್ಟು ಕೂರಿಸೋದು, ಫೋಟೋ ತೆಗೆದು ಕಳಿಸೋದು. 451, 446, 447 ಹೀಗೆ. ಪಂಜರದ ತಟ್ಟೆಗೆ ಹಾಸಿದ್ದ ಪೇಪರ್ ತೆಗೆಯೋಕೆ ಮುಂಚೆ ಅದರದ್ದೂ ಫೋಟೋ. ನಮ್ಮತ್ತೆ ಇದೇನ್ರೀ ಹಿಕ್ಕೆ ಫೋಟೋ ನೋಡ್ತಾ ಕಾಫಿ ಕುಡೀತೀರಲ್ಲ ಅಂತ ಗಾಬರಿ ಆಗಿದ್ರು, ಆದ್ರೆ ಗಿಣಿ ಸಾಕಿರೋರಿಗೆ ಗೊತ್ತು, ಹಕ್ಕಿ ತನಗೆ ಹುಷಾರಿಲ್ಲ ಅನ್ನೋದನ್ನ ಕೊನೇವರೆಗೂ ಮುಚ್ಚಿಡತ್ತೆ, ಮೊದಲು ಹೇಳೋದು ತೂಕ ಮತ್ತೆ ಹಿಕ್ಕೆ. ಎರಡನೇ ದಿನದ ಫೋಟೋ ಕೆಳಗೆ ಅವರು ಬರೆದಿದ್ರು, ಇವತ್ತು ಕಮ್ಮಿ ಇದೆ, ಕಡು ಹಸಿರು ಇದೆ, ಸರಿಯಾಗಿ ತಿಂದಿಲ್ಲ, ನಿಮ್ಮನ್ನ ಹುಡುಕ್ತಿದಾಳೆ ಅನ್ಸತ್ತೆ, ಸಂಜೆ ಒಂದು ಗಂಟೆ ಜಾಸ್ತಿ ಕೂತ್ಕೋತೀನಿ ಅಂತ. ಕೂತ್ಕೊಂಡ್ರು ಕೂಡ, ಪಂಜರದ ಪಕ್ಕ ಕೂತು ಬಟಾಣಿ ಬಿಡಿಸ್ತಾ ತಾವೂ ಒಂದೊಂದು ತಿಂತಾ ಇದ್ರಂತೆ, ಅದನ್ನ ನೋಡಿ ಇವಳೂ ಕೈ ಚಾಚಿದ್ಲಂತೆ. ಮಾರನೇ ದಿನ ಹಿಕ್ಕೆ ಸರಿ ಹೋಯ್ತು.

ರಾಜನಿಗೆ ನಾವು ನುಗ್ಗೆ ಸೊಪ್ಪು, ದಾಸವಾಳದ ಎಲೆ ಹೂವು, ತುರಿದ ಸಿಹಿಗುಂಬಳ ಕೊಡೋದು, ಪಾಲಕ್ ಕೊಡಲ್ಲ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂನ ಹಿಡ್ಕೊಂಡ್ಬಿಡತ್ತೆ. ಇವರಿಗೆ ಹೇಳ್ಬೇಕಾಗೇ ಬರ್ಲಿಲ್ಲ. ದಾಸವಾಳ ಮಾತ್ರ ಔಷಧಿ ಹೊಡೀದೇ ಇರೋ ಗಿಡದ್ದೇ ಬೇಕು ಅಂತ ಅವರ ಮನೆ ಟೆರೇಸಿಂದ ತರ್ತಿದ್ರು. ಬಿಸಿಲು ಕಾಯೋ ಜಾಗದಲ್ಲಿ 36 ಡಿಗ್ರಿ, ತಂಪು ಮೂಲೇಲಿ 27, ಎರಡೂ ಥರ್ಮಾಮೀಟರ್ ಫೋಟೋ ದಿನಾ ಬರ್ತಿತ್ತು.

ಈಗ ಹಬ್ಬದ ರಾತ್ರಿ. ಹಬ್ಬದ ಮೂರು ರಾತ್ರಿ ಇಲ್ಲೇ ಮಲಗ್ತೀನಿ, ಬೆಳಗ್ಗೆ ಸಂಜೆ ಬಂದು ಹೋದ್ರೆ ಸಾಲಲ್ಲ ಅಂತ ಅವರೇ ಹೇಳಿದ್ರು, ಖರ್ಚು ಜಾಸ್ತಿ ಆಗತ್ತೆ ಅಂತ ನಾನು ಒಂದು ದಿನ ಯೋಚನೆ ಮಾಡಿ ಹೂಂ ಅಂದಿದ್ದೆ. ಕತ್ತಲಾಗೋಕೆ ಮುಂಚೆ ಕಿಟಕಿ ಎಲ್ಲ ಹಾಕಿ, ಬಾಗಿಲ ಕೆಳಗೆ ಒದ್ದೆ ಟವಲ್ ತುರುಕಿ, ಪಂಜರನ ಬೀದಿ ಕಡೆಯಿಂದ ಒಳಗಿನ ರೂಮಿಗೆ ತಂದು, ಮುಕ್ಕಾಲು ಭಾಗ ಬಟ್ಟೆ ಮುಚ್ಚಿ, ಒಂದು ಸಣ್ಣ ದೀಪ ಉರಿಸಿ ಕೂತಿದ್ರು. ಪೂರ್ತಿ ಕತ್ತಲಲ್ಲಿ ಹೆದರಿದ್ರೆ ಹಕ್ಕಿಗೆ ಎಲ್ಲಿ ಕೂರ್ಬೇಕು ಅಂತಾನೇ ಕಾಣಲ್ಲ, ಅದಕ್ಕೆ ದೀಪ. ಹತ್ತೂ ಮುಕ್ಕಾಲಿಗೆ ಪಕ್ಕದ ರಸ್ತೇಲಿ ಹತ್ತು ಸಾವಿರದ ಸರ ಹಚ್ಚಿದ್ರಂತೆ. ಚಿನ್ನು ಪಂಜರದೊಳಗೆ ಬಡ್ಕೊಂಡು ಕೆಳಗೆ ಬಿದ್ಲು. ಇವರು ಬಟ್ಟೆ ತೆಗೆದು ನೋಡಿದ್ರೆ ಕಂಬಿ ಮೇಲೆಲ್ಲ ರಕ್ತ. ಹೊಸದಾಗಿ ಬೆಳೀತಿರೋ ಪುಕ್ಕದ ಕಾಂಡದಲ್ಲಿ ರಕ್ತ ಹರೀತಿರತ್ತೆ, ಎಡಗಡೆ ರೆಕ್ಕೇಲಿ ಅಂಥದ್ದೊಂದು ಮುರಿದಿತ್ತು. 450 ಗ್ರಾಂ ಹಕ್ಕೀಲಿ ರಕ್ತ ಅಂತ ಇರೋದೇ ಎಷ್ಟು. ಟವಲ್ ಸುತ್ತಿ ಹಿಡಿದ್ರಂತೆ, ಎದೆ ಒತ್ತದ ಹಾಗೆ, ಯಾಕಂದ್ರೆ ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ ಕೆಳಗಿರೋ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಅಲ್ಲಾಡಿದ್ರೇನೇ ಉಸಿರು. ಕಾರ್ನ್ ಫ್ಲೋರ್ ಡಬ್ಬ ಮೊದಲನೇ ದಿನಾನೇ ತೆಗೆದು ಪಂಜರದ ಹತ್ರ ಇಟ್ಕೊಂಡಿದ್ರು, ಅದನ್ನ ಮುರಿದ ಕಡೆ ಹಾಕಿ ಹತ್ತೀಲಿ ಒತ್ತಿ ಹಿಡಿದು ಏಳು ನಿಮಿಷ ಕೂತ್ರು. ನಿಂತ್ಮೇಲೂ ಬಿಟ್ಟು ಹೋಗ್ಲಿಲ್ಲ, ಎರಡೂವರೆ ತನಕ ಅರ್ಧರ್ಧ ಗಂಟೆಗೆ ನೋಡಿ ಟೈಮ್ ಬರೆದಿಟ್ಟಿದಾರೆ. ಆ ಪುಸ್ತಕ ಈಗ್ಲೂ ನಮ್ಮನೇಲಿದೆ. ಒಂದು ಸಾಲು ಹೀಗಿದೆ, 1.30, ಮೇಲಿನ ಕಡ್ಡಿಗೆ ತಾನೇ ಹತ್ತಿದಳು, ಒಂದು ಕಾಲು ಮಡಚಿ ಕೂತಿದಾಳೆ. ಒಂದು ಕಾಲು ಮಡಚಿದ್ಲು ಅಂದ್ರೆ ಹೆದರಿಕೆ ಹೋಗಿದೆ ಅಂತ. ಅದನ್ನ ಓದಿದಾಗೆಲ್ಲ ನನಗೆ ಗಂಟಲು ಕಟ್ಟತ್ತೆ.

ನನ್ನ ಕಂಪ್ಲೇಂಟ್ ಇರೋದೂ ಆ ರಾತ್ರಿ ಬಗ್ಗೇನೇ. ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿದಾರೆ, ಮಾವನ ಮನೇಲಿ ನೆಟ್‌ವರ್ಕ್ ಬರ್ಬೇಕು ಅಂದ್ರೆ ಅಡಿಕೆ ಒಣಗಿಸೋ ಅಂಗಳದ ಆ ತುದಿಗೆ ಹೋಗ್ಬೇಕು, ಒಂದೇ ಟಿಕ್ ಬಿದ್ದು ನಿಂತಿದೆ. ಲ್ಯಾಂಡ್‌ಲೈನ್ ನಂಬರ್ ಫ್ರಿಡ್ಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೆ, ಅದಕ್ಕೆ ಮಾಡ್ಲಿಲ್ಲ. ನನಗೆ ಗೊತ್ತಾಗಿದ್ದು ಬೆಳಗ್ಗೆ ಆರೂವರೆಗೆ. ಕೇಳಿದ್ರೆ, ರಕ್ತ ನಿಂತಿತ್ತು ಸರ್, ಹಬ್ಬದ ದಿನ ಸರಿರಾತ್ರೀಲಿ ಮನೆಯ ಹಿರಿಯರನ್ನ ಎಬ್ಬಿಸಿ ಗಾಬರಿ ಮಾಡೋದು ಬೇಡ ಅನ್ಕೊಂಡೆ ಅಂದ್ರು. ಅವರ ಮನಸ್ಸು ಒಳ್ಳೇದೇ, ಆದ್ರೂ ನಾನು ಒಪ್ಪಲ್ಲ. ರಕ್ತ ಬಂದಿದೆ ಅಂದ್ಮೇಲೆ ಎಷ್ಟು ಹೊತ್ತಾದ್ರೂ ನಮಗೆ ತಿಳಿಸ್ಬೇಕು, ಇನ್ನೊಂದ್ಸಲ ಸುರಿದಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಯಾರು, ಕಾರ್ ಯಾವ್ದು ಅನ್ನೋದೆಲ್ಲ ಇರತ್ತಲ್ಲ. ಇದನ್ನ ಅವರಿಗೆ ನೇರವಾಗೇ ಹೇಳ್ದೆ, ವಾದ ಮಾಡ್ಲಿಲ್ಲ, ಮುಂದಿನ ಸಲಕ್ಕೆ ಬರೆದಿಟ್ಕೊಂಡ್ರು. ಮಾರನೇ ದಿನ ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ನೋಡಿ ಪುಕ್ಕ ಕೀಳೋದು ಬೇಡ, ಬಿಡಿ ಅಂದ್ರು, ಅಷ್ಟಕ್ಕೇ ಮುಗೀತು.

ಇನ್ನು ಸಣ್ಣಪುಟ್ಟದ್ದು. ಚಿನ್ನುಗೆ ಕಡ್ಲೆಕಾಯಿ ಸ್ವಲ್ಪ ಜಾಸ್ತೀನೇ ಕೊಟ್ಟಿದ್ರು, ನಾವು ಬಂದ್ಮೇಲೆ ಎರಡು ದಿನ ಬೇರೇನೂ ಮುಟ್ಲಿಲ್ಲ. ರಾಜನ ಗೂಡಲ್ಲಿ ಹಿಂದಿನ ಮೂಲೇಲಿ ಬಾಡಿದ ಸೊಪ್ಪು ಸಿಕ್ತು, ಅಲ್ಲಿಗೆ ಕೈ ಎಟುಕೋದು ಕಷ್ಟ ನಿಜ. ಮನೆ ಮಾತ್ರ ನಾವಿಟ್ಟು ಹೋದ ಹಾಗೇ ಇತ್ತು, ಕೆಳಗಿನ ಮನೆ ಆಂಟಿ ಹತ್ರ ದಿನಾ ಬೀಗದ ಕೈ ಕೊಟ್ಟು ಸೈನ್ ಮಾಡಿ ಹೋಗ್ತಿದ್ರಂತೆ.

ದುಡ್ಡು: ಮೊದಲನೇ ವಿಸಿಟ್ 600, ಎರಡು ಹೊತ್ತು ಬಂದು ಹೋಗೋದಕ್ಕೆ ದಿನಕ್ಕೆ 1,400ರಂತೆ ಎರಡು ದಿನ, ರಾತ್ರಿ ಇದ್ದ ಮೂರು ದಿನಕ್ಕೆ 2,600ರಂತೆ, ನಾವು ಹೊರಟ ದಿನದ್ದು ತಗೊಳ್ಲಿಲ್ಲ. ಒಟ್ಟು 11,200 ಆಯ್ತು. ಆ ಅಂಗಡಿ ಬೋರ್ಡಿಂಗ್‌ಗೆ ನಾನು ಕೊಟ್ಟಿದ್ದು ದಿನಕ್ಕೆ 300. ಜಾಸ್ತಿ ಅನ್ಸೋದು ಸಹಜ, ನನಗೂ ಅನ್ಸಿತ್ತು. ಎಂಟು ತಿಂಗಳು ಆ ಬೋಳು ಎದೆ ನೋಡ್ಕೊಂಡು ಕೂತವನಿಗೆ ಈ ಲೆಕ್ಕ ಬೇರೆ ಥರ ಕಾಣತ್ತೆ.

ನಿಮ್ಮನೇಲಿ ಗಿಣಿ, ಇಗ್ವಾನಾ, ಶುಗರ್ ಗ್ಲೈಡರ್ ಏನೇ ಇರ್ಲಿ, ಯಾರನ್ನಾದ್ರೂ ಕರೆಸೋ ಮುಂಚೆ ಅವರು ನಿಮ್ಮನ್ನ ಏನ್ ಕೇಳ್ತಾರೆ ಅಂತ ಗಮನಿಸಿ. ಬಂದವರು ರೇಟ್ ಹೇಳಿ, ಕ್ಯೂಟ್ ಆಗಿದೆ ಅಂತ ಸೆಲ್ಫಿ ತಗೊಂಡು ಹೊರಟ್ರೆ ಬೇಡ. ನಿಮ್ಮ ಪ್ರಾಣಿ ಮಾಮೂಲಿ ದಿನ ಹೇಗಿರತ್ತೆ ಅಂತ ಕೇಳಿ ತಿಳ್ಕೊಳ್ಳೋರೇ ಅದು ಸರಿಯಿಲ್ಲದ ದಿನಾನೂ ಕಂಡುಹಿಡಿಯೋದು. ಮತ್ತೆ ಡಾಕ್ಟರ್‌ಗೆ ಒಂದು ಪತ್ರ ಬರೆದಿಟ್ಟು ಹೋಗಿ, ನಾನಿಲ್ಲದಾಗ ಇವರು ಕರ್ಕೊಂಡು ಬಂದ್ರೆ ಚಿಕಿತ್ಸೆ ಕೊಡಿ, ಇಷ್ಟು ಖರ್ಚಿನ ತನಕ ನನ್ನ ಒಪ್ಪಿಗೆ ಇದೆ ಅಂತ. ನಮ್ಮ ಹತ್ರ ಅದನ್ನ ಬರೆಸಿದ್ದೂ ಅವರೇ.

ಮೇನಲ್ಲಿ ನಾದಿನಿ ಮದುವೆ ಇದೆ, ನಾಲ್ಕು ದಿನಕ್ಕೆ ಈಗಲೇ ಅವರನ್ನ ಬುಕ್ ಮಾಡಿದೀವಿ. ರಾಜನ ಹೀಟರ್‌ನ ಯುಪಿಎಸ್ ಲೈನ್‌ಗೆ ಹಾಕ್ಸಿ ಅಂತ ಹೇಳಿದ್ರು, ಭಾನುವಾರ ಎಲೆಕ್ಟ್ರಿಷಿಯನ್ ಬರ್ತಾರೆ. ಫ್ರಿಡ್ಜ್ ಮೇಲಿನ ಚೀಟೀಲಿ ಲ್ಯಾಂಡ್‌ಲೈನ್ ನಂಬರ್ ಕೆಳಗೆ ನನ್ನ ಹೆಂಡ್ತಿ ಕೆಂಪು ಪೆನ್ನಲ್ಲಿ ಬರೆದಿದಾಳೆ, ಯಾವ ಹೊತ್ತಲ್ಲಾದ್ರೂ ಮಾಡಿ, ಎಲ್ಲರೂ ಎದ್ದರೂ ಪರವಾಗಿಲ್ಲ ಅಂತ.