ಕ್ಲೈಂಟ್ ಮನೆಯ ಫೋಟೋಗಳನ್ನು ಪೆಟ್ ಫೋಟೋಗ್ರಫಿ ಸ್ಪರ್ಧೆಗೆ ಕಳಿಸುವ ಮುನ್ನ ಓದಿ

ಮೈಸೂರು, ಮಂಡ್ಯ ಕಡೆ ನಾಯಿ ಬೆಕ್ಕುಗಳ ಫೋಟೋ ತೆಗೆಯುವ ಗೆಳೆಯರೆಲ್ಲ ದಯವಿಟ್ಟು ಇದನ್ನು ಓದಿ. ಪೆಟ್ ಫೋಟೋಗ್ರಫಿ ಸ್ಪರ್ಧೆಗಳ ಜಾಹೀರಾತು ಈಗ ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಕಾಣಿಸುತ್ತದೆ. ಅದರಲ್ಲಿ ಪೋರ್ಟ್‌ಫೋಲಿಯೋ ವಿಭಾಗ ಅಂತ ಒಂದು ಇರುತ್ತದೆ. ಒಂದೇ ಸೆಷನ್‌ನಲ್ಲಿ ತೆಗೆದ ಎಂಟು ಹತ್ತು ಫೋಟೋಗಳನ್ನು ಸೆಟ್ ಮಾಡಿ ಕಳಿಸಬೇಕು. ಅದಕ್ಕೆ ಕ್ಲೈಂಟ್ ಮನೆಯ ಫೋಟೋ ಹಾಕುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಾನು ಕಳಿಸಿದ ಸೆಟ್ಟಿನ ಒಂದು ಫೋಟೋ ನಾಯಿಗಳ ಕೀಲುನೋವಿನ ಔಷಧಿಯ ಜಾಹೀರಾತಿನಲ್ಲಿ ಬಂತು. ಆ ಹೊತ್ತಿಗೆ ಫೋಟೋದಲ್ಲಿದ್ದ ನಾಯಿ ತೀರಿಹೋಗಿತ್ತು.

ಒಂಟಿಕೊಪ್ಪಲಿನ ಹಳೇ ಮನೆ. ರಿಟೈರ್ಡ್ ಟೀಚರ್ ಒಬ್ಬರು ಕರೆಸಿದ್ದರು. ಗುಂಡ ಅವರ ನಾಯಿ (ಹೆಸರು ಬದಲಿಸಿದ್ದೇನೆ). ಕರೀ ನಾಟಿ ನಾಯಿ, 14 ವರ್ಷ. ಹಿಂಗಾಲು ಎಳೆಯುತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಇನ್ನು ಜಾಸ್ತಿ ದಿನ ಇಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ನೆನಪಿಗೆ ಇರಲಿ ಅಂತ ಫೋಟೋ ತೆಗೆಸಿದ್ದು. ಕರೀ ನಾಯಿಯ ಫೋಟೋ ಎಷ್ಟು ಕಷ್ಟ ಅಂತ ನಿಮಗೆಲ್ಲ ಗೊತ್ತು. ಫ್ರೇಮ್ ತುಂಬಾ ಕಪ್ಪೇ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಇಳಿಸಿದರೆ ಕೂದಲಿನ ಎಳೆ ಕಾಣಿಸುವುದಿಲ್ಲ. ಅದಕ್ಕೇ ಫ್ಲಾಶ್ ಮುಟ್ಟದೆ ಪಡಸಾಲೆಯ ಕಿಟಕಿ ಬೆಳಕಿನಲ್ಲೇ ತೆಗೆದೆ. ಗುಂಡ ಎದ್ದೇಳಲು ನೋಡುತ್ತಿದೆ, ಕೆಂಪು ಗಾರೆ ನೆಲದ ಮೇಲೆ ಹಿಂಗಾಲು ಜಾರುತ್ತಿದೆ, ಟೀಚರ್ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತುತ್ತಿದ್ದಾರೆ. ಅವರ ಮುಖ ಇಲ್ಲ. ಎರಡು ಹಸಿರು ಗಾಜಿನ ಬಳೆ ಇರುವ ಆ ಕೈ ಮಾತ್ರ ಇದೆ. ನನ್ನ ಕೈಯಿಂದ ಬಂದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು. ಇಡೀ ಸೆಟ್ ನಿಂತಿದ್ದೇ ಆ ಕೈಯ ಮೇಲೆ.

ಸ್ಪರ್ಧೆಗೆ ಕಳಿಸಲೇ ಅಂತ ಕೇಳಿದಾಗ ಟೀಚರ್ ಒಪ್ಪಿದರು. ಸ್ಪರ್ಧೆಗೂ ಅದರ ಪ್ರದರ್ಶನಕ್ಕೂ ಮಾತ್ರ ಅಂತ ತಮ್ಮ ಕೈಯಲ್ಲೇ ಬರೆದು ಸಹಿ ಹಾಕಿಕೊಟ್ಟರು. ಸ್ಪರ್ಧೆಯ ನಿಯಮವೂ ಆಗ ಹಾಗೇ ಇತ್ತು. ಫೋಟೋಗ್ರಾಫರ್ ಹೆಸರಿನೊಂದಿಗೆ, ಸ್ಪರ್ಧೆಯ ಪ್ರಚಾರಕ್ಕೆ ಮಾತ್ರ ಬಳಸುತ್ತೇವೆ ಅಂತ ಬರೆದಿತ್ತು. ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಂಡು, ಸೆಟ್ಟಿಗೆ 2,500 ರೂಪಾಯಿ ಫೀಸು ಕಟ್ಟಿದೆ.

ಆಮೇಲೆ ಶುರುವಾಯಿತು. ಕೊನೆಯ ದಿನಾಂಕ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ತೀರ್ಪುಗಾರರ ಹೆಸರು 'ಶೀಘ್ರದಲ್ಲೇ' ಅಂತಲೇ ಉಳಿಯಿತು. ಅಷ್ಟರಲ್ಲಿ ನೀವು ಫೈನಲಿಸ್ಟ್ ಅಂತ ಮೇಲ್ ಬಂತು. ವಿಚಾರಿಸಿದರೆ, ನನಗೆ ಪರಿಚಯವಿದ್ದು ಹಾಕಿದವರೆಲ್ಲರೂ ಫೈನಲಿಸ್ಟೇ! ಸರ್ಟಿಫಿಕೇಟಿಗೆ ಫ್ರೇಮ್ ಬೇಕಾದರೆ ದುಡ್ಡು ಕೊಡಿ, ಫೋಟೋ ಪುಸ್ತಕದಲ್ಲಿ ಬರಬೇಕಾದರೆ ಮೊದಲೇ ಪ್ರತಿ ಕೊಳ್ಳಿ ಅಂತ ಒಂದರ ಹಿಂದೆ ಒಂದು ಮೇಲ್. ಜೊತೆಗೆ, ಪೂರ್ತಿ ಸೈಜಿನ ಫೈಲುಗಳು ಬೇಕು, ವಾಟರ್‌ಮಾರ್ಕ್ ಇರಬಾರದು, ರಾ ಫೈಲೂ (ಕ್ಯಾಮೆರಾ ದಾಖಲಿಸಿದ, ಎಡಿಟ್ ಆಗದ ಮೂಲ ಫೈಲು) ಕೊಡಿ. ಗೆಲ್ಲುವ ಹಂತಕ್ಕೆ ಬಂದ ನಾಲ್ಕೈದು ಜನರ ರಾ ಫೈಲು ಕೇಳುವುದು ಸರಿ, ಎಡಿಟ್ ಎಷ್ಟಾಗಿದೆ ಅಂತ ನೋಡಬೇಕಲ್ವಾ. ಹಾಕಿದವರೆಲ್ಲರ ಹತ್ತಿರ ಯಾಕೆ? ನಾನು ರಾ ಕೊಡಲಿಲ್ಲ. ಆದರೆ ದೊಡ್ಡ ಸೈಜಿನ ಜೆಪೆಗ್‌ಗಳು ಎಂಟ್ರಿ ಹಾಕುವಾಗಲೇ ಅವರ ಕೈ ಸೇರಿದ್ದವು.

ಒಂದು ಸಂಜೆ ಟೀಚರ್ ಫೋನ್ ಮಾಡಿದರು. ಜೋರು ಮಾಡಲಿಲ್ಲ. "ಏನಪ್ಪಾ, ನಮ್ಮ ಗುಂಡನ ಫೋಟೋ ಯಾವುದೋ ಔಷಧಿ ಡಬ್ಬದ ಪಕ್ಕ ಹಾಕಿದ್ದಾರಲ್ಲ. ನೀನು ಕೊಟ್ಟೆಯಾ?" ಅಂದರು. ಅವರ ತಂಗಿ ಮಗಳು ಮೊಬೈಲಲ್ಲಿ ನೋಡಿ ತೋರಿಸಿದ್ದಳು. ಲಿಂಕ್ ತರಿಸಿಕೊಂಡು ನೋಡಿದೆ. ಅದೇ ಫೋಟೋ. ಬಳೆಯ ಕೈಯನ್ನು ಕತ್ತರಿಸಿ ತೆಗೆದಿದ್ದರು. ಈಗ ನೋಡಿದರೆ ಗುಂಡ ತಾನೇ ಎದ್ದು ನಿಲ್ಲುತ್ತಿರುವ ಹಾಗೆ ಕಾಣುತ್ತಿತ್ತು. ನಾನು ಶೀರ್ಷಿಕೆಯಲ್ಲಿ ಬರೆದಿದ್ದ ವಯಸ್ಸನ್ನೂ ಎತ್ತಿಕೊಂಡು, 14 ವರ್ಷದ ನಾಯಿ ಎರಡೇ ವಾರದಲ್ಲಿ ಎದ್ದು ಓಡಾಡಿತು ಅಂತ ಹಾಕಿದ್ದರು.

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ದುಡ್ಡು ಹೋದರೆ ಹೋಯಿತು. ಆ ಮನೆಯವರು ಮಣ್ಣು ಮಾಡಿ ಬಂದ ನಾಯಿಯನ್ನು ವಾಸಿಯಾಯಿತು ಅಂತ ತೋರಿಸಿ ಇನ್ಯಾರದೋ ಮುದಿ ನಾಯಿಯ ಮನೆಯವರಿಗೆ ಡಬ್ಬ ಮಾರುತ್ತಿದ್ದಾರಲ್ಲ, ಅದನ್ನು ಹೇಗೆ ಸಹಿಸುವುದು?

ಆಯೋಜಕರಿಗೆ ಬರೆದರೆ, ಎಂಟ್ರಿ ಹಾಕಿದಾಗಲೇ ನೀವು ಒಪ್ಪಿದ್ದೀರಿ ಅಂತ ಉತ್ತರ. ನಿಯಮದ ಪುಟ ತೆರೆದು ನೋಡಿದರೆ ಅದೇ ಬದಲಾಗಿತ್ತು. ಆಯೋಜಕರೂ ಅವರ ಪಾಲುದಾರ ಸಂಸ್ಥೆಗಳೂ ಫೋಟೋಗಳನ್ನು ಯಾವ ಮಾಧ್ಯಮದಲ್ಲಾದರೂ, ಎಷ್ಟು ಕಾಲವಾದರೂ, ಕತ್ತರಿಸಿ ತಿದ್ದಿ, ದುಡ್ಡು ಕೊಡದೆ ಬಳಸಬಹುದು ಅಂತ ಹೊಸ ಸಾಲು ಸೇರಿತ್ತು. ನನ್ನ ಪಿಡಿಎಫ್‌ನಲ್ಲಿ ಆ ಸಾಲು ಇಲ್ಲ.

ಸರಸ್ವತಿಪುರಂನಲ್ಲಿ ಪರಿಚಯದ ವಕೀಲರನ್ನು ಕಂಡೆ. ಅವರು ಹೇಳಿದ ವಿಷಯ ನಮ್ಮ ಕೆಲಸದ ಎಷ್ಟೋ ಜನರ ಕಿವಿಗೆ ಬಿದ್ದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಅದರ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ, ಆ ಫೋಟೋದ ಕಾಪಿರೈಟಿನ ಮೊದಲ ಮಾಲೀಕರು ತೆಗೆಸಿದವರೇ. ಕ್ಯಾಮೆರಾ ನಮ್ಮದು, ಕೈ ನಮ್ಮದು, ಕಾನೂನಿನ ಕಣ್ಣಲ್ಲಿ ಫೋಟೋ ತೆಗೆದ ಕರ್ತೃವೂ ನಾವೇ. ಆದರೆ ಕಾಪಿರೈಟ್ ಕ್ಲೈಂಟಿನದು. ಸ್ಪರ್ಧೆಯ ಫಾರಂನಲ್ಲಿ 'ಈ ಫೋಟೋಗಳ ಸಂಪೂರ್ಣ ಹಕ್ಕು ನನ್ನದೇ, ತಕರಾರು ಬಂದರೆ ಖರ್ಚು ನಾನೇ ಭರಿಸುತ್ತೇನೆ' ಅಂತ ಟಿಕ್ ಮಾಡಿಸಿಕೊಳ್ಳುತ್ತಾರಲ್ಲ, ಕ್ಲೈಂಟ್ ಸೆಷನ್ನಿಗೆ ಆ ಟಿಕ್ ತುಂಬಾ ಅಪಾಯ. ಹಕ್ಕು ನಮ್ಮದಲ್ಲದೆಯೂ ಇರಬಹುದು, ಹೊಣೆ ಮಾತ್ರ ಪೂರ್ತಿ ನಮ್ಮ ತಲೆಗೆ.

ನಮ್ಮ ವಿಷಯದಲ್ಲಿ ಇದೇ ಕಾನೂನು ಟೀಚರ್ ಕೈಗೆ ಬಲ ಕೊಟ್ಟಿತು. ಕಾಪಿರೈಟ್ ಬಗ್ಗೆ ನಮ್ಮ ನಡುವೆ ಬೇರೆ ಒಪ್ಪಂದ ಇರಲಿಲ್ಲ. ಹಾಗಾಗಿ ಮಾಲೀಕರು ಅವರೇ, ಅವರು ಒಪ್ಪಿದ್ದು ಸ್ಪರ್ಧೆಗೂ ಪ್ರದರ್ಶನಕ್ಕೂ ಮಾತ್ರ. ಕಾಪಿರೈಟನ್ನು ಇನ್ನೊಬ್ಬರಿಗೆ ವಹಿಸಬೇಕಾದರೆ 19ನೇ ಸೆಕ್ಷನ್ ಪ್ರಕಾರ ಲಿಖಿತವಾಗಿ ಇರಬೇಕು, ಸಹಿ ಇರಬೇಕು. ಅವರು ಅಂಥದ್ದೇನೂ ಕೊಟ್ಟಿರಲಿಲ್ಲ. ನನ್ನ ಪಾಲಿಗೆ 57ನೇ ಸೆಕ್ಷನ್ ಇತ್ತು. ಕಾಪಿರೈಟ್ ಯಾರದ್ದೇ ಇರಲಿ, ಫೋಟೋವನ್ನು ಕರ್ತೃವಿನ ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಿದರೆ ತಕರಾರು ಮಾಡುವ ಹಕ್ಕು ಕರ್ತೃವಿಗೆ ಉಳಿದಿರುತ್ತದೆ. ಕತ್ತರಿಸಿದ ಆ ಕೈ ಅಲ್ಲಿ ಮುಖ್ಯವಾಯಿತು.

ಜಾಹೀರಾತು ಓಡುತ್ತಿದ್ದ ಜಾಲತಾಣದ ದೂರು ಅಧಿಕಾರಿಗೆ ಟೀಚರ್ ಹೆಸರಿನಲ್ಲೇ ದೂರು ಹೋಯಿತು. 2021ರ ಐಟಿ ನಿಯಮಗಳ ಪ್ರಕಾರ ಇಂಥ ಅಧಿಕಾರಿಯನ್ನು ಅವರು ಇಟ್ಟಿರಲೇಬೇಕು. ದೂರಿನ ಜೊತೆ ನನ್ನ ಬಿಲ್ಲು, ಅವರು ದುಡ್ಡು ಕಳಿಸಿದ ಯುಪಿಐ ದಾಖಲೆ, ಕೈಬರಹದ ಒಪ್ಪಿಗೆ ಪತ್ರ, ಹಳೇ ನಿಯಮದ ಪಿಡಿಎಫ್, ಕೈ ಕಾಣುವ ಮೂಲ ಫೋಟೋ ಇಟ್ಟೆವು. ದಿನಾಂಕ ಸಮಯ ಇರುವ ರಾ ಫೈಲು ನನ್ನ ಹತ್ತಿರ ಮಾತ್ರ ಇದ್ದದ್ದು ದೊಡ್ಡ ಪುಣ್ಯ. ಜಾಹೀರಾತು ಇಳಿಯಿತು. ಫೀಸು ವಾಪಸ್ ಬಂದಿಲ್ಲ. ಔಷಧಿ ಕಂಪನಿಗೆ ಕಳಿಸಿದ ನೋಟಿಸಿಗೆ, ಆಯೋಜಕರಿಂದ ಕೊಂಡಿದ್ದು ಅಂತ ಮಾತ್ರ ಉತ್ತರ ಬಂದಿದೆ. ಅಂದರೆ ಮಾರಿದ್ದಾರೆ!

ಎಲ್ಲ ಸ್ಪರ್ಧೆಯೂ ಹೀಗಲ್ಲ. ಫಿಯಾಪ್ (ಫೋಟೋಗ್ರಫಿಯ ಅಂತರರಾಷ್ಟ್ರೀಯ ಒಕ್ಕೂಟ) ಅಥವಾ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಮಾನ್ಯತೆ ಇರುವ ಸಲೋನ್‌ಗಳಲ್ಲಿ (ಅಂದರೆ ಫೋಟೋ ಸ್ಪರ್ಧೆ, ಪ್ರದರ್ಶನಗಳಲ್ಲಿ) ಮಾನ್ಯತೆಯ ಸಂಖ್ಯೆ ಕೊಟ್ಟಿರುತ್ತಾರೆ, ತೀರ್ಪುಗಾರರ ಹೆಸರು ಮೊದಲೇ ಇರುತ್ತದೆ. ಫಿಯಾಪ್ ಮಾನ್ಯತೆ ನಿಜವೋ ಸುಳ್ಳೋ ಅಂತ ಅವರ ಜಾಲತಾಣದಲ್ಲೇ ನೋಡಬಹುದು. ಯಾರೂ ಕೇಳಿರದ ಸ್ಪರ್ಧೆ, ವಿಳಾಸ ಇಲ್ಲ, ಫೋನ್ ಇಲ್ಲ, ಬಹುಮಾನ ಮಾತ್ರ ಲಕ್ಷಗಟ್ಟಲೆ ಅಂದರೆ ಸುಮ್ನೆ ಬಿಟ್ಟುಬಿಡಿ. ನಿಯಮಗಳನ್ನು ಯಾವಾಗ ಬೇಕಾದರೂ ಬದಲಿಸುತ್ತೇವೆ ಅನ್ನುವ ಸಾಲು ಕಂಡರೆ ಕ್ಲೈಂಟ್ ಫೋಟೋ ಕಳಿಸಲೇಬೇಡಿ. ನಿಮ್ಮ ಮನೆಯ ನಾಯಿಯದ್ದೋ, ಬೀದಿ ನಾಯಿಯದ್ದೋ ಸೆಟ್ ಮಾಡಿ ಕಳಿಸಿ.

ಈಗ ನನ್ನ ಬುಕಿಂಗ್ ಫಾರಂನಲ್ಲಿ ಕಾಪಿರೈಟ್ ಯಾರದು ಅಂತ ಒಂದು ಸಾಲು ಇದೆ. ಸ್ಪರ್ಧೆಗೆ ಅಂತ ಬೇರೆಯೇ ಹಾಳೆ ಇದೆ. ಅದರಲ್ಲಿ ಸ್ಪರ್ಧೆಯ ಹೆಸರು, ಯಾವ ಯಾವ ಫೋಟೋ, ಎಲ್ಲಿ ಬಳಸಬಹುದು ಅಂತ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ನನ್ನಂತೆಯೇ ಈ ಸ್ಪರ್ಧೆಗೆ ಕ್ಲೈಂಟ್ ಸೆಟ್ ಕಳಿಸಿದವರು ಇಲ್ಲಿ ಇನ್ನೂ ಇರಬಹುದು. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ಹಳೇ ನಿಯಮದ ಪಿಡಿಎಫ್ ಕಳಿಸುತ್ತೇನೆ. ದೂರು ಕೊಡುವಾಗ ಬೇಕಾಗುತ್ತದೆ.