ಫಿಲ್ಮ್ ಇರುವ ಕೋಣೆಯಲ್ಲಿ ಡೆವಲಪರ್ ಪುಡಿ ತೂಗಬೇಡಿ

ಮನೆಯ ಬಾತ್‌ರೂಮಿನಲ್ಲೇ 4×5 ಇಂಚಿನ ಶೀಟ್ ಫಿಲ್ಮ್ (ಬಿಡಿ ಹಾಳೆಯಾಗಿ ಬರುವ ಫಿಲ್ಮ್) ಡೆವಲಪ್ ಮಾಡುವವರು ಮುಂದಿನ ಹಾಳೆಗೆ ಕೈ ಹಾಕುವ ಮೊದಲು ಇದನ್ನು ಓದಿ. ಎಫ್‌ಪಿ4 ಪ್ಲಸ್ ಎಂಬ ಕಪ್ಪುಬಿಳುಪು ಫಿಲ್ಮಿನ ಒಂದು ಕಂತು ಪೂರ್ತಿ ಹಾಳಾಗಿದೆ. ಎಕ್ಸ್‌ಪೋಷರ್ ಸರಿ, ಡೆವಲಪರ್ 20 ಡಿಗ್ರಿ, ಸಮಯವೂ ಸರಿ. ಆದರೂ ಆಕಾಶವಿದ್ದ ಕಡೆಯೆಲ್ಲ ಚುಕ್ಕೆ. ಬ್ಲೋವರ್‌ನಿಂದ ಊದಿದರೂ ಹೋಗಲಿಲ್ಲ, ಮತ್ತೆ ನೀರಲ್ಲಿ ನೆನೆಸಿದರೂ ಹೋಗಲಿಲ್ಲ. ಅದು ಧೂಳೇ ಅಲ್ಲ. ಅದೇ ಸಂಜೆ, ಅದೇ ಬಾತ್‌ರೂಮಿನಲ್ಲಿ ತೂಗಿದ ಡಿ-76 ಎಂಬ ಡೆವಲಪರ್‌ನ ಪುಡಿ.

ಬಿಡಿ ರಾಸಾಯನಿಕಗಳಿಂದ ಡಿ-76 ಕಲಸುವವರಿಗೆ ಲೆಕ್ಕ ಗೊತ್ತಿದೆ: ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ತೂಗಿ ಸುರಿಯುವಾಗ ಏಳುವ ನುಣ್ಣನೆ ಪುಡಿ ಕಣ್ಣಿಗೆ ಕಾಣುವುದಿಲ್ಲ. ಹಾಳೆ ಕೂರಿಸುವ ಹೋಲ್ಡರ್, ಕತ್ತಲಲ್ಲಿ ಫಿಲ್ಮ್ ತುಂಬಲು ಬಳಸುವ ಚೇಂಜಿಂಗ್ ಬ್ಯಾಗ್, ಟವೆಲ್, ಎಲ್ಲದರ ಮೇಲೂ ಇಳಿಯುತ್ತದೆ. ಇನ್ನೂ ಒದ್ದೆಯಾಗದ ಫಿಲ್ಮಿನ ಮೇಲೆ ಕೂತ ಕಣ, ಹಾಳೆ ಒದ್ದೆಯಾದ ಕೂಡಲೇ ಅಲ್ಲೇ ಕರಗುತ್ತದೆ. ಆ ಒಂದು ಬಿಂದುವಿನಲ್ಲಿ ಡೆವಲಪರ್‌ನ ಸಾಂದ್ರತೆ ಹೆಚ್ಚಿ, ನೆಗೆಟಿವ್‌ನಲ್ಲಿ ಕಪ್ಪು ಚುಕ್ಕೆ, ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಹೈಪೊ, ಅಂದರೆ ಡೆವಲಪ್ ಆಗದ ಬೆಳ್ಳಿಯ ಲವಣವನ್ನು ಕರಗಿಸುವ ಫಿಕ್ಸರ್, ಮಾಡುವ ಹಾನಿ ಇದಕ್ಕೆ ತಿರುಗುಮುರುಗು. ಮೇಜಿನ ಮೇಲೆ ಚೆಲ್ಲಿದ ಫಿಕ್ಸರ್ ಹನಿಯನ್ನು ಒರೆಸದೆ ಬಿಟ್ಟರೆ ಒಣಗಿ ಪುಡಿಯಾಗುತ್ತದೆ, ಗಾಳಿಗೆ ಹಾರುತ್ತದೆ. ಅದು ಕೂತಲ್ಲಿ ಬೆಳ್ಳಿಯ ಲವಣ ಡೆವಲಪ್ ಆಗುವ ಮೊದಲೇ ಕರಗಿ, ನೆಗೆಟಿವ್ ತೂತು ಬಿದ್ದ ಹಾಗೆ ಪಾರದರ್ಶಕವಾಗುತ್ತದೆ.

ಹಾಗಾಗಿ ಪುಡಿ ಕಲಸುವುದನ್ನು ಬೇರೆ ಕೋಣೆಯಲ್ಲಿ, ಬೇರೆ ದಿನ ಮಾಡಿ. ಅಡುಗೆಮನೆ ಮಾತ್ರ ಬೇಡ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ, ಮೆಟಾಲ್‌ನಿಂದ ಕೆಲವರಿಗೆ ಚರ್ಮದ ಅಲರ್ಜಿ ಬರುತ್ತದೆ. ಆಮೇಲೆ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಉಟ್ಟ ಬಟ್ಟೆ ಬದಲಿಸಿ. ದ್ರಾವಣವನ್ನು ಒಂದು ರಾತ್ರಿ ಬಿಟ್ಟು, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿಯೇ ಬಳಸಿ. ಕರಗದೆ ಉಳಿದ ಹರಳೂ ಇಂಥದ್ದೇ ಕಲೆ ಮಾಡುತ್ತದೆ.

ಚುಕ್ಕೆ ಕಂಡಾಗ ಮೊದಲು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಅದರ ಆಕಾರ ನೋಡಿ, ಕಾರಣ ಅಲ್ಲೇ ಇರುತ್ತದೆ. ಕೂದಲಿನಂತೆಯೋ ನೂಲಿನಂತೆಯೋ ವಕ್ರವಾಗಿ, ಅಂಚು ಚೂಪಾಗಿ, ಪಾರದರ್ಶಕವಾಗಿದ್ದರೆ ಅದು ಎಕ್ಸ್‌ಪೋಷರ್‌ಗೆ ಮೊದಲೇ ಫಿಲ್ಮಿನ ಮೇಲಿದ್ದ ಧೂಳಿನ ನೆರಳು. ದುಂಡಗೆ, ತೆಳುವಾಗಿದ್ದರೆ ಗಾಳಿಗುಳ್ಳೆ. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಮಾತ್ರ ಕಾಣುವ ಬಿಳಿ ಉಂಗುರ ನೀರಿನ ಸುಣ್ಣ. ಉಬ್ಬಿದ ಕಣ ಕೈಗೆ ಸಿಗುವಂತಿದ್ದರೆ ಒಣಗುವಾಗ ಅಂಟಿದ ಧೂಳು.

ಮೊದಲನೆಯದಕ್ಕೆ, ಅಂದರೆ ಧೂಳಿನ ನೆರಳಿಗೆ, ಮದ್ದು ಹೋಲ್ಡರ್‌ನಲ್ಲಿದೆ. ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ಡಾರ್ಕ್ ಸ್ಲೈಡ್ ಹೊರತೆಗೆದು, ಬಾಯಿಯ ಹತ್ತಿರದ ವೆಲ್ವೆಟ್ ಪಟ್ಟಿಯನ್ನೂ ಫಿಲ್ಮ್ ಕೂರುವ ತೋಡನ್ನೂ ಬ್ರಷ್ ಹಚ್ಚಿದ ವ್ಯಾಕ್ಯೂಮ್ ಕ್ಲೀನರ್‌ನಿಂದ ಸ್ವಚ್ಛ ಮಾಡಿಬಿಡಿ. ಬ್ಲೋವರ್ ಒಂದನ್ನೇ ನಂಬಿದರೆ ಧೂಳು ಎದ್ದು ಪಕ್ಕದ ಹೋಲ್ಡರ್ ಮೇಲೆ ಕೂರುತ್ತದೆ. ಕ್ಯಾಮೆರಾದ ಬೆಲ್ಲೋಸ್ (ಮಡಿಕೆ ಮಡಿಕೆಯ ತಿದಿ) ಒಳಗೂ ಇದೇ ಕೆಲಸ. ಲೋಡ್ ಮಾಡಿದ ಹೋಲ್ಡರ್ ಜಿಪ್‌ಲಾಕ್ ಚೀಲದಲ್ಲಿರಲಿ. ಡಾರ್ಕ್ ಸ್ಲೈಡನ್ನು ಸರ್ರನೆ ಎಳೆಯಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಆ ಉಜ್ಜುವಿಕೆಗೆ ಸ್ಥಿರವಿದ್ಯುತ್ ಹುಟ್ಟಿ ಸುತ್ತಲಿನ ಧೂಳೆಲ್ಲ ಹಾಳೆಗೆ ಬರುತ್ತದೆ.

ಗಾಳಿಗುಳ್ಳೆಗೆ ನಲ್ಲಿ ನೀರೇ ಮೂಲ. ಗೀಸರ್ ನೀರು ಬೆರೆಸಿ ತಕ್ಷಣ ಬಳಸಿದರೆ, ಬೆಚ್ಚಗಾದ ನೀರಿನಿಂದ ಬಿಡುಗಡೆಯಾದ ಗಾಳಿ ಎಮಲ್ಷನ್‌ಗೆ, ಅಂದರೆ ಫಿಲ್ಮಿನ ಮೇಲಿನ ಬೆಳ್ಳಿಯ ಲವಣದ ಪದರಕ್ಕೆ, ಅಂಟುತ್ತದೆ. ನೀರನ್ನು ಕುದಿಸಿ, ಮುಚ್ಚಿ, ತಣಿಸಿಟ್ಟುಕೊಳ್ಳಿ. ಟ್ರೇಯಲ್ಲಿ ಮಾಡುವವರು ಹಾಳೆಗಳನ್ನು ಒಂದೊಂದಾಗಿ ಬರೀ ನೀರಿಗಿಳಿಸಿ 2–3 ನಿಮಿಷ ನೆನೆಸಿದ ಮೇಲೆಯೇ ಡೆವಲಪರ್‌ಗೆ ಹಾಕಿ, ಇಲ್ಲದಿದ್ದರೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಟ್ಯಾಂಕ್ ಆದರೆ ಪ್ರತಿ ಸಲ ತಿರುಗಿಸಿದ ಮೇಲೆ ತಳವನ್ನು ಮೇಜಿಗೆ ಎರಡು ಮೂರು ಬಾರಿ ತಟ್ಟಿ.

ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಕೊನೆಯ ತೊಳೆತ ಬೇಡವೇ ಬೇಡ. ಅದರ ಗಡಸುತನವೆಲ್ಲ ಒಣಗಿದ ಮೇಲೆ ಹಾಳೆಯ ಮೇಲೆ ಉಳಿಯುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಫೋಟೋ-ಫ್ಲೋ ಅಥವಾ ಇಲ್ಫೋಟಾಲ್ (ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರವ) 5 ಮಿಲಿ, ಅಷ್ಟೇ. ಹೆಚ್ಚು ಸುರಿದರೆ ನೊರೆಯೇ ಕಲೆಯಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಬಣ್ಣ, ಸುಗಂಧ ಇರುತ್ತವೆ, ಅದನ್ನು ಮುಟ್ಟಬೇಡಿ. ಸುಣ್ಣ ಈಗಾಗಲೇ ಕೂತಿದ್ದರೆ ಹಾಳೆ ಉಳಿಸಿಕೊಳ್ಳಬಹುದು: 4 ಪ್ರತಿಶತದ ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿ 2 ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಡಿಸ್ಟಿಲ್ಡ್ ನೀರಿನಿಂದ ಮತ್ತೆ ಮುಗಿಸಿ.

ಒಣಗಿಸುವಾಗ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಎಮಲ್ಷನ್‌ನ ಒದ್ದೆ ಜೆಲಟಿನ್ ಉಬ್ಬಿ ಮೆತ್ತಗಿರುತ್ತದೆ, ಆಗ ಕೂತ ಕಣ ಒಣಗುತ್ತಾ ಒಳಗೇ ಸಿಕ್ಕಿಕೊಳ್ಳುತ್ತದೆ. ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಧೂಳು ಇಳಿಯಲು ಅರ್ಧ ಗಂಟೆ ಬಿಡಿ. ಹಾಳೆಯನ್ನು ಒಂದು ಮೂಲೆಗೆ ಕ್ಲಿಪ್ ಹಾಕಿ ತೂಗುಬಿಟ್ಟರೆ ನೀರು ಎದುರು ಮೂಲೆಯಿಂದ ಇಳಿಯುತ್ತದೆ. ಬಾಗಿಲು ಹಾಕಿ, ಒಣಗುವ ತನಕ ಯಾರೂ ಒಳಗೆ ಹೋಗದಿರಲಿ. ಊದುಬತ್ತಿ, ಒಗ್ಗರಣೆಯ ಹೊಗೆ ಆ ಕಡೆ ಬಾರದಿರಲಿ. ಮಳೆಗಾಲದಲ್ಲಿ ರಾತ್ರಿಯಿಡೀ ಬೇಕಾದೀತು, ಹೇರ್ ಡ್ರೈಯರ್ ಹಿಡಿದು ಆತುರ ಪಡಬೇಡಿ.

ಕೊನೆಗೆ ಸ್ಕ್ಯಾನರ್ ನೋಡಿಕೊಳ್ಳುತ್ತದೆ ಎಂದೂ ಕೂರಬೇಡಿ. ಇನ್ಫ್ರಾರೆಡ್ ಕಿರಣದಿಂದ ಧೂಳು ಗುರುತಿಸುವ ಸೌಲಭ್ಯ ಸಾಮಾನ್ಯ ಕಪ್ಪುಬಿಳುಪು ಫಿಲ್ಮಿಗೆ ಆಗಿಬರುವುದಿಲ್ಲ. ಚಿತ್ರದಲ್ಲಿರುವ ಬೆಳ್ಳಿಯೇ ಇನ್ಫ್ರಾರೆಡ್ ಕಿರಣವನ್ನು ತಡೆಯುವುದರಿಂದ ಅದಕ್ಕೆ ಚಿತ್ರವೂ ಧೂಳಾಗಿಯೇ ಕಾಣುತ್ತದೆ. ಉಳಿದ ಚುಕ್ಕೆಗಳನ್ನೆಲ್ಲ ಒಂದೊಂದಾಗಿ ಕೈಯಿಂದಲೇ ತೆಗೆಯಬೇಕು.