ಎಸ್‌ಪಿ ರೋಡಿನ ಹಳೇ ಗೇಮ್ ಅಂಗಡಿ: ಓನರ್ ಒಳ್ಳೇವ್ರು, ಡಬ್ಬಿ ಮಾತ್ರ ಖಾಲಿ

ಈಚೆಗೆ ಒಂದು ಶನಿವಾರ ಅಕ್ಕನ ಮಗನಿಗೆ ಕೀಬೋರ್ಡ್ ಕೊಡ್ಸೋಕೆ ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದೆ, ಹಂಗೇ ಕಾಲೇಜ್ ಟೈಮಲ್ಲಿ ಗೇಮ್ ಡಿವಿಡಿ ತಗೋತಿದ್ದ ಅಂಗಡಿ ಇನ್ನೂ ಇದ್ಯಾ ನೋಡೋಣ ಅಂತ ಮೆಟ್ಟಿಲು ಹತ್ತಿದ್ರೆ, ಇದೆ ಕಣ್ರೀ! ಹೆಸ್ರು ಹಾಕಲ್ಲ, ಯಾಕೆ ಅಂತ ಕೆಳಗೆ ಗೊತ್ತಾಗತ್ತೆ.

ಆಗೆಲ್ಲ ಗೋಡೆ ತುಂಬ ಪಿಸಿ ಗೇಮೇ. ಈಗ ಮೂಲೇಲಿ ಒಂದೇ ಒಂದು ರ‍್ಯಾಕು, ಬಿಸಿಲು ಬಿದ್ದು ಬಿದ್ದು ಕೆಂಪೆಲ್ಲ ಹಾರ್ಹೋಗಿ ಡಬ್ಬಿಗಳು ನೀಲಿಗಟ್ಟಿವೆ. ಒಂದನ್ನ ಎತ್ಕೊಂಡು 399 ಅಂತಿದ್ದ ಸ್ಟಿಕರ್‌ನ ಉಗುರಲ್ಲಿ ಕೆರೆದ್ರೆ ಕೆಳಗೆ 799, ಅದನ್ನೂ ಕೆರೆದ್ರೆ 1,499. "ಏನಣ್ಣ, ರೇಟು ಹಿಂಗ್ ಬಿದ್ದಿದೆ, ಪೈರಸಿ ಕಾಟನಾ?" ಅಂದೆ. ಅವ್ರು ನನ್ ಬ್ಯಾಗ್ ಕಡೆ ನೋಡಿ "ಸಾರ್, ನಿಮ್ ಲ್ಯಾಪ್‌ಟಾಪಲ್ಲಿ ಡಿವಿಡಿ ಹಾಕೋ ತೂತು ಎಲ್ಲಿದೆ ತೋರ್ಸಿ" ಅಂದ್ರು. ಸುಮ್ನಾದೆ.

ನನ್ನ ಕೇಳಿದ್ರೆ ಪೈರಸಿ ಅನ್ನೋದು ನೆಪ. ವೈಸ್ ಸಿಟಿ ಗೇಮನ್ನ ಕ್ರ್ಯಾಕ್ ಹಾಕ್ಕೊಂಡು ಪುಕ್ಕಟೆ ಆಡಿದೋರೂ ನಾವೇ, ಸಂಬಳ ಬಂದ್ಮೇಲೆ ದುಡ್ಡು ಕೊಟ್ಟು ತಗೊಂಡೋರೂ ನಾವೇ. ಡಬ್ಬಿಗೆ ಬೆಲೆ ಇಲ್ದಂಗೆ ಮಾಡಿದ್ದು ಗೇಮ್ ಕಂಪನಿಯೋರು. 2004ರಲ್ಲಿ ಹಾಫ್ ಲೈಫ್ 2 ಬಂತಲ್ಲ, ಡಿಸ್ಕ್ ಕೈಲಿದ್ರೂ ನೆಟ್ಟಲ್ಲೇ ಗೇಮ್ ಮಾರೋ ಸ್ಟೀಮ್ ಅನ್ನೋ ಅಂಗಡೀಲಿ ಅಕೌಂಟ್ ಇಲ್ದೆ ಆಡೋಂಗಿಲ್ಲ. 2015ರಲ್ಲಿ ಜಿಟಿಎ 5 ಬಂದಿದ್ದು 7 ಡಿವಿಡಿಲಿ, ಒಂದು ಸಂಜೆ ಪೂರ್ತಿ ಡಿಸ್ಕ್ ಬದಲಾಯಿಸ್ತಾ ಕೂತಿದ್ದೆ, ಆದ್ರೂ ಏನೋ ಒಂದು ಖುಷಿ ಇತ್ತು ಬಿಡಿ. ಅದೇ ವರ್ಷ ಮೆಟಲ್ ಗೇರ್ ಸಾಲಿಡ್ 5 ಡಬ್ಬಿ ತಗೊಂಡೋರಿಗೆ ಡಿಸ್ಕಲ್ಲಿ ಸಿಕ್ಕಿದ್ದು ಬರೀ ಸ್ಟೀಮ್ ಇನ್‌ಸ್ಟಾಲರ್ರು, 10 ಎಂಬಿನೂ ಇಲ್ಲ, ಆಟ ಪೂರ್ತಿ ನೆಟ್ಟಿಂದ್ಲೇ ಇಳಿಸ್ಕೋಬೇಕು! ಆ ವರ್ಷದ ಕೊನೇಲಿ ಸ್ಟೀಮಲ್ಲಿ ರೂಪಾಯಿ ರೇಟೂ ಬಂತು, ಸೇಲಲ್ಲಿ ಅರ್ಧ ರೇಟಿಗೆ ಸಿಗೋದನ್ನ ಟ್ರಾಫಿಕ್ಕಲ್ಲಿ ಒದ್ದಾಡ್ಕೊಂಡು ಟೌನ್‌ಹಾಲ್‌ವರೆಗೂ ಬಂದು ಯಾರ್ ತಗೋತಾರೆ? 2020ರಲ್ಲಿ ಸ್ಟೀಮ್ ತರದ್ದೇ ಇನ್ನೊಂದು ನೆಟ್ಟಂಗಡಿ ಎಪಿಕ್‌ನೋರು ಅದೇ ಜಿಟಿಎ 5ನ ಒಂದು ವಾರ ಪುಕ್ಕಟೆ ಹಂಚಿಬಿಟ್ರು, ನಾನು ಇಟ್ಕೊಂಡಿದ್ದ 7 ಡಿವಿಡಿ ಈಗ ಅಕ್ಕನ ಮನೇಲಿ ಕಾಫಿ ಲೋಟದ ಕೆಳಗಿವೆ.

ಇನ್ನೊಂದು ವಿಷ್ಯ ಓನರ್ರೇ ಹೇಳಿದ್ದು. ಪ್ಲೇಸ್ಟೇಷನ್ ಡಿಸ್ಕ್ ಆದ್ರೆ ಆಡಿ ಮುಗ್ಸಿ ವಾಪಸ್ ಕೊಟ್ಟು, ಮೇಲೊಂದಿಷ್ಟು ದುಡ್ಡು ಹಾಕಿ ಬೇರೆ ತಗೊಂಡ್ ಹೋಗ್ತಾರೆ, ಒಂದೇ ಡಿಸ್ಕು ನಾಲ್ಕೈದು ಸಲ ಅಂಗಡಿಗೆ ಬರತ್ತಂತೆ. ಪಿಸಿ ಗೇಮ್ ಡಬ್ಬಿಲಿರೋ ಕೋಡ್ ಒಂದ್ಸಲ ಅಕೌಂಟಿಗೆ ಹಾಕಿದ್ರೆ ಮುಗೀತು, ಸೆಕೆಂಡ್ ಹ್ಯಾಂಡಲ್ಲಿ ಯಾರೂ ಮುಟ್ಟಲ್ಲ.

ಇಷ್ಟೆಲ್ಲ ಕೇಳಿದ್ಮೇಲೂ ಸೆಂಟಿಮೆಂಟಿಗೆ ಬಿದ್ದು ಆ 399ರ ಡಬ್ಬಿನೇ ತಗೊಂಡೆ ನೋಡಿ ನಾನು! ಮನೇಲಿ ಓಪನ್ ಮಾಡಿದ್ರೆ ಡಿಸ್ಕೇ ಇಲ್ಲ, ಒಂದು ಚೀಟಿ. ಕೋಡ್ ಹಾಕಿದ್ರೆ ಆಗ್ಲೇ ಯಾರೋ ಬಳಸಿದಾರೆ ಅಂತ ಬಂತು. ಫೋನ್ ಮಾಡಿದ್ರೆ "ಸೀಲ್ ಪ್ಯಾಕ್ ಸಾರ್, ನಮ್ದೇನಿಲ್ಲ" ಅಂತ ರಾಗ. ವಾರ ಬಿಟ್ಟು ಖುದ್ದಾಗಿ ಹೋದಾಗ ದುಡ್ಡು ಕೊಡ್ಲಿಲ್ಲ, ಬದಲಿಗೆ ಒಂದು ಎಚ್‌ಡಿಎಂಐ ಕೇಬಲ್ ಕೊಟ್ಟು ಟೀ ಕುಡ್ಸಿ ಕಳ್ಸಿದ್ರು.

5ಕ್ಕೆ 3 ಸ್ಟಾರ್. ಪ್ಲೇಸ್ಟೇಷನ್ ಎಕ್ಸ್‌ಚೇಂಜಿಗೆ ಕಣ್ಮುಚ್ಕೊಂಡು ಹೋಗಿ, ಪಿಸಿ ರ‍್ಯಾಕ್ ಹತ್ರ ಮಾತ್ರ ಸುಳೀಬೇಡಿ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಮೆಟ್ರೋಲೇ ಬನ್ನಿ. ಅಂದ್ಹಾಗೆ ಕೀಬೋರ್ಡ್ ಕೊಡ್ಸಿದ್ರೂ ಅಕ್ಕನ ಮಗ ವಾಪಸ್ ಬರೋವಾಗ ದಾರಿಯುದ್ದಕ್ಕೂ ಫೋನಲ್ಲಿ ಬಿಜಿಎಂಐ ಆಡ್ತಾ ಕೂತಿದ್ದ.